ಗೆರೆಯಿಂದ ಕೂದಲೆಳೆ ಕೆಳಗೆ

ಐದು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದರೂ ಆಕೆ ಕುರ್ಚಿಯಲ್ಲಿ ಕೂತದ್ದನ್ನು ನಾನು ಅಲ್ಲಿ ಒಮ್ಮೆಯೂ ನೋಡಲಿಲ್ಲ. ಎಡಗಾಲನ್ನು ನೆಲಕ್ಕೆ ಊರಿ, ಬಲಪಾದವನ್ನು ಎಡಗಾಲಿನ ಮೀನಖಂಡದ ಹಿಂದೆ ಕೊಕ್ಕೆಯಂತೆ ಸಿಕ್ಕಿಸಿ, ಮೇಜಿಗೆ ಸೊಂಟ ತಾಗಿಸದೆ, ಗೋಡೆಗೆ ಭುಜ ಆನಿಸದೆ, ಗಂಟೆಗಟ್ಟಲೆ ಹಾಗೇ ನಿಂತು ಓದುತ್ತಿದ್ದರು, ಬರೆಯುತ್ತಿದ್ದರು, ಔಷಧಿ ತೂಗುತ್ತಿದ್ದರು, ಬೇಸರವಾದಾಗ ಕಾಲು ಬದಲಿಸುತ್ತಿದ್ದರು. ನೀರಿನಂಚಿನಲ್ಲಿ ಮೀನಿಗೆ ಕಾದ ಹಕ್ಕಿಯಂಥ ಆ ನಿಲುವು ಕಂಡೇ ಇಡೀ ಕಾಲೇಜು ಆಕೆಗೆ ಕೊಕ್ಕರೆ ಎಂದು ಹೆಸರಿಟ್ಟಿತ್ತು. ಹೆಸರು ಆಕೆಯ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ. ಒಮ್ಮೆ ಗುಮಾಸ್ತನೊಬ್ಬ ಮರ್ಯಾದೆಗೆಂದು ಕುರ್ಚಿ ಎಳೆದುಕೊಟ್ಟಾಗ, "ಬೇಡಪ್ಪ, ನಾನು ಕೂತ್ರೆ ನನ್ನ ತಲೆನೂ ಕೂತ್ಬಿಡುತ್ತೆ" ಅಂದು, ಆ ಕುರ್ಚಿಯ ಮೇಲೆ ಪುಸ್ತಕದ ರಾಶಿ ಪೇರಿಸಿದ್ದರು.

ನಾನು ಆಗ ಆ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ಪ್ರಾಣಿಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು. ಬಿಳಿ ಇಲಿಗಳಿಗೆ ಕಾಳು ನೀರು ಹಾಕುವುದು, ಪಂಜರ ತೊಳೆಸುವುದು, ಪ್ರಯೋಗದ ಹೊತ್ತಿಗೆ ಇಲಿ ಹಿಡಿದು ಅಳತೆ ಮಾಡಿ ಬರೆದಿಡುವುದು ನನ್ನ ಕೆಲಸ. ನಾಲ್ಕನೆಯ ತರಗತಿಗೇ ಶಾಲೆಯ ಋಣ ಹರಿದವನಾದರೂ, ಧೂಳು ಹೊಡೆಯುವ ನೆಪದಲ್ಲಿ ದೊಡ್ಡವರ ಪುಸ್ತಕಗಳನ್ನು ಬಿಚ್ಚಿ, ತಿಳಿಯದ್ದನ್ನು ಕೇಳಿ, ಕೇಳಲು ಸಂಕೋಚವಾದದ್ದನ್ನು ಊಹಿಸಿ, ಹತ್ತು ವರ್ಷದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಡುವ ಮಟ್ಟಕ್ಕೆ ಬಂದಿದ್ದೆ. ನನ್ನ ಕೈಯಂತೂ ಹೆಸರುವಾಸಿ. ಇಲಿ ಕಚ್ಚದ ಕೈ, ನಡುಗದ ಕೈ, ತಕ್ಕಡಿಯ ಮುಳ್ಳಿನಂಥ ಕೈ ಅಂತ ಪ್ರೊಫೆಸರುಗಳೇ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದ್ದರು. ಏಣಿಯಿಲ್ಲದೆ ಅಟ್ಟಕ್ಕೇರಿದವನಿಗೆ ಇಳಿಯುವುದು ಹೇಗೆಂದು ಗೊತ್ತಿರುವುದಿಲ್ಲ.

ಕೊಕ್ಕರೆಯ ಕೋಟಿನ ವಿಷಯ ಹೇಳಬೇಕು. ಅದು ಆಕೆಗೆ ಹೊಲಿಸಿದ್ದಲ್ಲ. ಯಾರೋ ಆಳೆತ್ತರದ ಗಂಡಸು ಕೆಲಸ ಬಿಟ್ಟು ಹೋಗುವಾಗ ಗೂಟಕ್ಕೆ ನೇತುಹಾಕಿ ಮರೆತ ಬಿಳಿ ಕೋಟು. ತೋಳನ್ನು ಮೂರು ಮಡಿಕೆ ಮಡಚಬೇಕು, ಅಂಚು ಮೊಣಕಾಲಿನ ಕೆಳಗೆ ಇಳಿಯುತ್ತಿತ್ತು. ಎಡಜೇಬು ಹರಿದಿದ್ದರಿಂದ ಪೆನ್ನು, ದಾರದುಂಡೆ, ಗಡಿಯಾರ, ಅರ್ಧ ತಿಂದ ಬ್ರೆಡ್ಡು ಎಲ್ಲವೂ ಬಲಜೇಬಿನಲ್ಲೇ ತುಂಬಿ, ನಡೆಯುವಾಗ ಬಲಭುಜ ಒಂದು ಬೆರಳು ಇಳಿದಿರುತ್ತಿತ್ತು. ಅದರ ಗುಂಡಿ ತೂರುವ ಕಾಜಾಗಳಿಗೆ ಹೊಲಿಗೆ ಹಾಕುತ್ತಿದ್ದವಳು ಆಕೆಯ ತಂಗಿ. ದರ್ಜಿಯ ಅಂಗಡಿಯೊಂದರಲ್ಲಿ ದಿನವಿಡೀ ಕಾಜಾ ಹಾಕುವುದೇ ಆ ಹುಡುಗಿಯ ಕಸುಬು. ವರ್ಷಕ್ಕೊಂದು ಕಾಜಾ ಹರಿಯುತ್ತಿತ್ತು, ತಂಗಿ ಮತ್ತೆ ಹಾಕಿಕೊಡುತ್ತಿದ್ದಳು. ಮೇಲಿನದರ ಹೊಲಿಗೆ ಇರುವೆ ಸಾಲಿನಂತೆ ಒತ್ತೊತ್ತಾಗಿತ್ತು. ಎರಡನೆಯದು ಕೊಂಚ ಸಡಿಲ. ಮೂರನೆಯದರಲ್ಲಿ ದಾರ ಅಲ್ಲಲ್ಲಿ ಹಾರಿತ್ತು. ನಾಲ್ಕನೆಯದನ್ನು ನೋಡಿದರೆ ಯಾವುದೋ ಮಗು ಸೂಜಿ ಹಿಡಿದು ಆಡಿದಂತೆ ಕಾಣುತ್ತಿತ್ತು. ಆ ಹುಡುಗಿಗೆ ಬೆರಳ ಗಿಣ್ಣುಗಳಲ್ಲಿ ಊತ. ಮೈಯೇ ಮೈಯ ಮೇಲೆ ತಿರುಗಿಬಿದ್ದು ಕೀಲುಗಳನ್ನು ಸುಡುವ ಕಾಯಿಲೆ. ಅದರ ನಡೆಯನ್ನು ಅಕ್ಕನ ಎದೆಯ ಮೇಲೆ ಮೇಲಿನಿಂದ ಕೆಳಕ್ಕೆ ಓದಬಹುದಿತ್ತು.

ಊತ ಇಳಿಸುವ ಮಾತ್ರೆಗಳು ಇರಲಿಲ್ಲವೆಂದಲ್ಲ. ತಂಗಿ ಅವನ್ನು ಎರಡು ವರ್ಷ ನುಂಗಿದಳು. ಒಂದು ಬೆಳಿಗ್ಗೆ ಅಂಗಡಿಯಲ್ಲೇ ರಕ್ತ ಕಾರಿಕೊಂಡಳು. ಮಾತ್ರೆ ಹೊಟ್ಟೆಯ ಒಳಪದರವನ್ನು ಕೊರೆದುಹಾಕಿತ್ತು. ಆವತ್ತಿನಿಂದ ಕೊಕ್ಕರೆಯ ತಲೆಯಲ್ಲಿ ಒಂದೇ ಹುಳು: ಹೊಟ್ಟೆಗೆ ಹೋಗದೆ, ತಲೆಗೆ ಏರದೆ, ಊದಿದ ಜಾಗದಲ್ಲೇ ಕೂತು ಕೆಲಸ ಮಾಡುವ ಔಷಧಿ ಬೇಕು. ಆ ಹುಳು ಹೋಗಿ ಕೂತದ್ದು ಎಲ್ಲಿ ಅಂದರೆ, ಅಫೀಮಿನ ಮೇಲೆ.

ಕೇಳಿದವರೆಲ್ಲ ನಕ್ಕರು. ಅಫೀಮಿನಿಂದ ತೆಗೆದ ಮಾರ್ಫೀನು ನೋವು ಮರೆಸುತ್ತದೆ, ಅದೂ ಮಿದುಳಿನಲ್ಲಿ ಕೂತು. ಊತಕ್ಕೂ ಅದಕ್ಕೂ ಏನು ನಂಟು ಅಂತ ಆಗಿನ ಪಾಠ. ವಿಭಾಗದ ಮುಖ್ಯಸ್ಥರಾದ ದೊಡ್ಡ ಪ್ರೊಫೆಸರು, "ಇದು ಎಲ್ಲರಿಗೂ ಗೊತ್ತಿರೋ ವಿಷಯ ಅಲ್ವೇನಮ್ಮ?" ಎಂದು ನಯವಾಗಿಯೇ ಕೇಳಿದರು. ಕೊಕ್ಕರೆಗೆ ಒಂದು ಮಾತಿನ ಚಾಳಿ. ಯಾರು ಏನು ಹೇಳಿದರೂ, "ನೋಡಿದ್ರಾ, ಕೇಳಿದ್ರಾ?" ಅನ್ನುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ತುಂಬಿದ ಕಾಲೇಜಿನಲ್ಲಿ ಈ ಚಾಳಿ ಎಷ್ಟು ಜನರ ಮುಖ ಕೆಡಿಸಿತ್ತೋ ಲೆಕ್ಕವಿಲ್ಲ. ಕ್ಯಾಂಟೀನು ಮುಚ್ಚುತ್ತದಂತೆ ಎಂದು ಗುಮಾಸ್ತ ಹೇಳಿದರೂ ಅದೇ, ಪ್ರಿನ್ಸಿಪಾಲರಿಗೆ ವರ್ಗವಾಯಿತಂತೆ ಎಂದರೂ ಅದೇ. ದೊಡ್ಡ ಪ್ರೊಫೆಸರಿಗೂ ಅದೇ ಪ್ರಶ್ನೆ ಬಿತ್ತು.

ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಓದಿದೀನಮ್ಮ" ಅಂದರು.

"ಓದೋದೂ ಒಂಥರಾ ಕೇಳೋದೇ ಅಲ್ವಾ ಸಾರ್?" ಅಂದರು ಆಕೆ. ಒಂದು ವರ್ಷದ ಕಾಲಾವಕಾಶ ಸಿಕ್ಕಿತು. ಅಷ್ಟರೊಳಗೆ ಏನಾದರೂ ಕಂಡರೆ ಮುಂದುವರಿಕೆ, ಕಾಣದಿದ್ದರೆ ಆ ಕೋಣೆ ಬೇರೆಯವರಿಗೆ ಎಂಬ ಷರತ್ತು.

ನನಗೆ ಆಕೆ ವಿವರಿಸಿದ್ದು ಹೀಗೆ. "ಅಣ್ಣ, ಗಾಯ ಆದ ಜಾಗಕ್ಕೆ ರಕ್ತದಿಂದ ಕಣಗಳು ಓಡಿ ಬರ್ತವಲ್ಲ, ಅವು ಬರೀ ಕೈಯಲ್ಲಿ ಬರಲ್ಲ. ಮೈಯೇ ತಯಾರಿಸಿದ ಒಂಥರಾ ಅಫೀಮು ಹೊತ್ಕೊಂಡು ಬರ್ತವೆ ಅಂತ ಕಾಣುತ್ತೆ. ಇನ್ನು ನರದ ತುದಿ. ಅದು ತಲೆಗೆ ಸುದ್ದಿ ಮುಟ್ಟಿಸಿ ಸುಮ್ನಿರಲ್ಲ, ಅಲ್ಲೇ ಉರಿಯೋ ಬೆಂಕಿಗೆ ತುಪ್ಪನೂ ಸುರಿಯುತ್ತೆ. ಆ ತುದಿಯ ಕೈ ಹಿಡಿದು ನಿಲ್ಲಿಸಿದ್ರೆ? ಊತ ಸ್ವಲ್ಪನಾದ್ರೂ ಇಳೀಬೇಕು ತಾನೇ?"

ನಾನು ತಲೆಯಾಡಿಸಿದೆ, ಒಪ್ಪಲಿಲ್ಲ. ನಮ್ಮ ದೊಡ್ಡಪ್ಪನ ಮೊಣಕಾಲುಗಳು ಕುಂಬಳಕಾಯಿಯಂತೆ ಊದಿದ್ದು, ಅವನು ದಿನಾ ಸಂಜೆ ಸಾಸಿವೆಯಷ್ಟು ಅಫೀಮು ನಾಲಿಗೆಯಡಿ ಇಟ್ಟುಕೊಂಡು ನೋವು ಮರೆತು ನಗುತ್ತಿದ್ದದ್ದು, ಆದರೆ ಸಾಯುವ ತನಕ ಆ ಕುಂಬಳಕಾಯಿಗಳು ಹಾಗೇ ಇದ್ದದ್ದು ನನ್ನ ಕಣ್ಣಾರೆ ಕಂಡ ಸಂಗತಿ. "ಮೇಡಂ, ನಾನು ನೋಡಿದೀನಿ, ಕೇಳಿದ್ದಲ್ಲ. ಅಫೀಮು ನೋವಿನ ಬಾಯಿ ಮುಚ್ಚಿಸುತ್ತೆ, ಊತದ ಹೊಟ್ಟೆ ಇಳಿಸಲ್ಲ" ಅಂದೆ. ಆಕೆ ನಕ್ಕು, "ಒಬ್ಬ ದೊಡ್ಡಪ್ಪನ್ನ ನೋಡಿದ್ರಿ. ನಾನು ತೊಂಬತ್ತಾರು ಇಲಿ ನೋಡೋಣ ಅಂತಿದೀನಿ" ಅಂದರು. ಆ ನಗೆ ನನಗೆ ಸೊಳ್ಳೆ ಕಚ್ಚಿದಷ್ಟು ಚುಚ್ಚಿತು. ಸೊಳ್ಳೆ ಕಚ್ಚಿದ್ದನ್ನು ಯಾರೂ ಹೇಳಿಕೊಳ್ಳುವುದಿಲ್ಲ, ಕೆರೆದುಕೊಳ್ಳುತ್ತಾರೆ.

ಪ್ರಯೋಗದ ರೀತಿ ಸರಳ. ಇಲಿಯ ಹಿಂಗಾಲಿನ ಪಾದಕ್ಕೆ, ಕಡಲಪಾಚಿಯಿಂದ ತೆಗೆದ ಒಂದು ಪುಡಿಯ ದ್ರಾವಣ ಚುಚ್ಚಿದರೆ ಮೂರು ಗಂಟೆಯೊಳಗೆ ಪಾದ ಬನ್ನಿನಂತೆ ಉಬ್ಬುತ್ತದೆ. ಅರ್ಧ ಇಲಿಗಳಿಗೆ ಅದೇ ಪಾದಕ್ಕೆ ತಲೆಗೆ ತಲುಪದಷ್ಟು ಕಿರಿದಾದ ಪ್ರಮಾಣದ ಮಾರ್ಫೀನು, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾವ ಸೀಸೆಯಲ್ಲಿ ಯಾವುದಿದೆಯೆಂದು ನನಗೂ ತಿಳಿಯಬಾರದು, ಆಕೆಗೂ ತಿಳಿಯಬಾರದು. ಒಂದರ ಕೊರಳಿಗೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ, ಗುಟ್ಟು ಬರೆದ ಚೀಟಿ ದೊಡ್ಡ ಪ್ರೊಫೆಸರ ಬೀರುವಿನಲ್ಲಿ. ಆಮೇಲೆ ಅಳತೆ. ಇಲಿಯ ಕಣಕಾಲಿಗೆ ಮಸಿಯಿಂದ ಒಂದು ಗೆರೆ ಎಳೆಯಬೇಕು, ಪಾದರಸ ತುಂಬಿದ ಗಾಜಿನ ಕೊಳವೆಯೊಳಗೆ ಆ ಗೆರೆ ಮುಟ್ಟುವ ತನಕ ಪಾದ ಇಳಿಸಬೇಕು, ಪಕ್ಕದ ಸಣ್ಣ ನಳಿಗೆಯಲ್ಲಿ ಪಾದರಸ ಎಷ್ಟು ಏರಿತೆಂದು ಓದಿ ಬರೆಯಬೇಕು. ಊದಿದ ಪಾದ ಹೆಚ್ಚು ಏರಿಸುತ್ತದೆ. ಎಲ್ಲವೂ ನಿಂತಿರುವುದು ಆ ಗೆರೆಯ ಮೇಲೆ. ಕೂದಲೆಳೆಯಷ್ಟು ಮೇಲೆ ನಿಂತರೂ ತಪ್ಪು, ಕೆಳಗಿಳಿದರೂ ತಪ್ಪು. ಅದಕ್ಕೇ ಆಕೆಗೆ ನನ್ನ ಕೈ ಬೇಕಿತ್ತು.

ಕೊಕ್ಕರೆಯ ಹಟದ ಅಭ್ಯಾಸವೊಂದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹಟವಲ್ಲ ಅದು, ಮೊಲದ ಕಾಲು ತಾನೇ ಎಣಿಸಬಾರದೆಂಬ ಹಟ. ಪ್ರಯೋಗ ಮುಗಿಯುವ ತನಕ ಒಂದು ಅಂಕಿಯನ್ನೂ ನೋಡುತ್ತಿರಲಿಲ್ಲ. ನಾನು ಬರೆದ ಹಾಳೆಯನ್ನು ಕವುಚಿ ಹಾಕಿ, ಮೇಲೊಂದು ಗಾಜಿನ ತಟ್ಟೆ ಇಟ್ಟು, ಆ ಕಡೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. "ಮೊದ್ಲೇ ನೋಡಿದ್ರೆ ಕಣ್ಣಿಗೆ ಆಸೆ ಹುಟ್ಟುತ್ತೆ ಅಣ್ಣ. ಆಸೆ ಹುಟ್ಟಿದ ಕಣ್ಣು ಕಳ್ಳನ ಕಣ್ಣು." ತನ್ನ ಕಣ್ಣಿಗೆ ಇಷ್ಟೆಲ್ಲ ಕಾವಲು ಹಾಕಿದವರು ನನ್ನ ಕಣ್ಣನ್ನು ಬಾಗಿಲು ತೆರೆದು ಬಿಟ್ಟಿದ್ದರು. ಅದು ನಂಬಿಕೆ.

ಮೊದಲ ವಾರ ನಾನು ಏನೂ ಯೋಚಿಸದೆ ಅಳೆದೆ. ಎರಡನೆಯ ವಾರಕ್ಕೆ ಒಂದು ವಿಷಯ ಕಣ್ಣಿಗೆ ಬಿತ್ತು. ಚುಚ್ಚಿದ ಮೇಲೆ ಕೆಲವು ಇಲಿಗಳು ಕಾಲೆತ್ತಿ ಕುಂಟುತ್ತಿದ್ದವು, ಕೆಲವು ಏನೂ ಆಗದಂತೆ ಆ ಪಾದವನ್ನು ಊರಿ ನಡೆದಾಡುತ್ತಿದ್ದವು. ದಾರದ ಬಣ್ಣ ಮುಚ್ಚಿಟ್ಟದ್ದನ್ನು ಇಲಿ ನಡೆದು ತೋರಿಸುತ್ತಿತ್ತು. ಕುಂಟದ್ದಕ್ಕೆ ಅಫೀಮು ಬಿದ್ದಿದೆ, ಸರಿ. ಆದರೆ ಅವುಗಳ ಪಾದ ಪಾದರಸವನ್ನು ಏರಿಸುವುದೂ ಕಮ್ಮಿ. ಇದು ಹೇಗೆ ಸಾಧ್ಯ? ಅಫೀಮು ಊತ ಇಳಿಸಲ್ಲ, ದೊಡ್ಡಪ್ಪನ ಮೊಣಕಾಲು ಸಾಕ್ಷಿ. ಹಾಗಾದರೆ ತಪ್ಪು ನನ್ನ ಕೈಯದು ಅಂದುಕೊಂಡೆ. ನೋವಿರುವ ಇಲಿ ಕೊಸರಾಡುತ್ತದೆ, ಬಿಗಿಯಾಗಿ ಹಿಡಿದು ಗೆರೆ ಮುಟ್ಟಿಸುತ್ತೇನೆ. ನೋವಿಲ್ಲದ್ದು ಹೂವಿನಂತೆ ಕೈಯಲ್ಲಿ ಕೂರುತ್ತದೆ, ಹಗುರ ಹಿಡಿದ ಕೈ ಗೆರೆಗೆ ಮುಂಚೆಯೇ ನಿಂತುಬಿಡುತ್ತಿರಬೇಕು. ಹೀಗೆ ನನಗೆ ನಾನೇ ನ್ಯಾಯ ಹೇಳಿಕೊಂಡು, ಕುಂಟದ ಇಲಿಗಳ ಪಾದವನ್ನು ಕೂದಲೆಳೆಯಷ್ಟು ಹೆಚ್ಚು ಇಳಿಸತೊಡಗಿದೆ. ಸುಳ್ಳು ಬರೆದೆನೆಂದು ನನಗೆ ಆಗ ಅನಿಸಲಿಲ್ಲ. ಸರಿಪಡಿಸುತ್ತಿದ್ದೇನೆ ಅನಿಸಿತು. ಪಕ್ಕದಲ್ಲೇ ಒಂಟಿ ಕಾಲಲ್ಲಿ ಬೆನ್ನು ತಿರುಗಿಸಿ ನಿಂತವರನ್ನು ಕರೆದು, "ಮೇಡಂ, ಹೀಗೆ ಮಾಡ್ತಿದೀನಿ" ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೈ ತಪ್ಪುತ್ತದೆಂದು ಒಪ್ಪಿಕೊಂಡರೆ ಕೈಯ ಹೆಸರು ಏನಾಗಬೇಕು?

ಚೀಟಿ ಬಿಚ್ಚಿದ ದಿನ ದೊಡ್ಡ ಪ್ರೊಫೆಸರ ಕೋಣೆಯಲ್ಲಿ ನಾವು ಮೂವರೇ ಇದ್ದದ್ದು. ಆಕೆ ಹಾಳೆಗಳನ್ನು ಮಗುಚಿ, ಕೆಂಪು ದಾರದ್ದನ್ನು ಒಂದು ಕಡೆ, ನೀಲಿಯದನ್ನು ಒಂದು ಕಡೆ ಕೂಡಿದರು, ಭಾಗಿಸಿದರು. ಎರಡೂ ಹೆಚ್ಚುಕಮ್ಮಿ ಒಂದೇ. ಮತ್ತೊಮ್ಮೆ ಕೂಡಿದರು. ಅಷ್ಟು ಹೊತ್ತಿಗೆ ಆಕೆಯ ಎರಡೂ ಕಾಲು ನೆಲದ ಮೇಲಿದ್ದವು.

"ನಾನು ಮೊದ್ಲೇ ಹೇಳಿದ್ನಲ್ಲಮ್ಮ" ಅಂದರು ಪ್ರೊಫೆಸರು.

"ಹೌದು ಸಾರ್. ಈಗ ನೋಡಿದ ಹಾಗಾಯ್ತು" ಅಂದರು ಆಕೆ.

ನನಗೆ ಒಳಗೊಳಗೇ ಹಿಗ್ಗು. ಇದನ್ನು ಬರೆಯುವಾಗ ಬೆರಳು ಹಿಂಜರಿಯುತ್ತದೆ, ಆದರೂ ಬರೆಯಬೇಕು: ಹಿಗ್ಗಾಯಿತು. ನಾಲ್ಕನೆಯ ತರಗತಿಯ ನಾನು ಹೇಳಿದ್ದೇ ಸರಿಯಾಯಿತಲ್ಲ ಎಂಬ ಹಿಗ್ಗು. ಕಾರಿಡಾರಿನಲ್ಲಿ ಆಕೆಯ ಹಿಂದೆ ಹಿಂದೆ ಹೋಗಿ, ದೊಡ್ಡ ಮನಸ್ಸಿನವನಂತೆ, "ಬೇಜಾರು ಮಾಡ್ಕೋಬೇಡಿ ಮೇಡಂ, ಬೇಕಾದ್ರೆ ಇನ್ನೊಂದು ಸಲ ಮಾಡೋಣ" ಅಂದೆ. ಆಕೆ ನಿಂತು, ತಿರುಗಿ, ನನ್ನ ಎರಡೂ ಕೈಗಳ ಕಡೆ ನೋಡಿ ಹೇಳಿದರು: "ಬೇರೆಯವರ ಕೈ ಆಗಿದ್ರೆ ಮಾಡ್ತಿದ್ದೆ ಅಣ್ಣ. ನಿಮ್ಮ ಕೈಯಲ್ಲಿ ಬಂದಿಲ್ಲ ಅಂದ್ರೆ ಇಲ್ಲ."

ಆಕೆ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಹೀಗೆ ಹುಡುಕಿದೆ, ಸಿಗಲಿಲ್ಲ ಎಂದು ಒಂದು ಪತ್ರಿಕೆಗೆ ಬರೆದರು. ಕೊನೆಯಲ್ಲಿ, ಎಲ್ಲ ಅಳತೆಗಳನ್ನು ತಪ್ಪದ ಕೈಯಿಂದ ಮಾಡಿಕೊಟ್ಟವರಿಗೆ ಕೃತಜ್ಞತೆ ಎಂದು ನನ್ನ ಹೆಸರು ಅಚ್ಚಾಯಿತು. ಆ ಪುಟವನ್ನು ನಾನು ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದೆ. ಕೋಣೆ ಬೇರೆಯವರ ಪಾಲಾಯಿತು. ಆಕೆ ಊರಿನ ಇನ್ನೊಂದು ಅಂಚಿನ ನರ್ಸಿಂಗ್ ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸ ಹಿಡಿದು ಹೊರಟುಹೋದರು. ಕೋಟನ್ನು ಮಾತ್ರ ಬಿಡಲಿಲ್ಲ.

ಆರು ವರ್ಷ ಕಳೆಯಿತು. ಹೊಸದಾಗಿ ಬಂದ ಉಪನ್ಯಾಸಕರೊಬ್ಬರು ಅಫೀಮಿನ ಕುಲದ್ದೇ ಇನ್ನೊಂದು ಔಷಧಿಯನ್ನು ಅದೇ ರೀತಿ ಇಲಿಯ ಪಾದಕ್ಕೆ ಚುಚ್ಚಿ ನೋಡಬೇಕೆಂದರು. ಹೊರದೇಶದ ಕೆಲವರು ಅಂಥದ್ದರಿಂದ ಊತ ಕಮ್ಮಿಯಾದದ್ದನ್ನು ಕಂಡಿದ್ದಾರೆ, ಕೆಲವರಿಗೆ ಕಂಡಿಲ್ಲ, ಜಗಳ ಇನ್ನೂ ಹರಿದಿಲ್ಲ ಎಂದು ಹೇಳಿದರು. ನಾನು ಮೀಸೆಯಡಿ ನಕ್ಕೆ. ಅವರು ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆಯನ್ನು ಪರದೆಯಂತೆ ಮೇಜಿನ ಮೇಲೆ ಇಳಿಬಿಟ್ಟು, ಅದರ ನಡುವೆ ಸಣ್ಣ ಸೀಳು ಮಾಡಿದರು. ಆ ಕಡೆಯಿಂದ ಅವರು ಇಲಿಯನ್ನು ಹಿಡಿಯುವುದು, ಈ ಕಡೆ ನನಗೆ ಸೀಳಿನಿಂದ ಕಾಲು ಮಾತ್ರ ಕೊಡುವುದು.

"ಏನ್ ಸಾರ್, ಇಲಿಗೂ ಮಾನ ಮರ್ಯಾದೆನಾ, ಪರದೆ ಕಟ್ತೀರಿ?" ಎಂದು ತಮಾಷೆ ಮಾಡಿದೆ.

"ಇಲಿಗಲ್ಲ ಯಜಮಾನ್ರೇ, ನಮಗೆ. ಅದು ಕುಂಟೋದು ಅಳೆಯೋರ ಕಣ್ಣಿಗೆ ಬೀಳಬಾರದು. ಬಿದ್ರೆ ನನ್ನ ಕೈಯಂತೂ ಅದಕ್ಕೆ ತಕ್ಕ ಹಾಗೆ ಕುಣಿಯುತ್ತೆ. ನಿಮ್ಮ ಕೈ ವಿಷಯ ನಂಗೊತ್ತಿಲ್ಲ."

ನನಗೆ ಗೊತ್ತಾಯಿತು. ಹದಿನೈದು ದಿನ, ಬರೀ ಕಾಲು ಕಂಡು, ಯಾವ ಇಲಿಯದೆಂದು ತಿಳಿಯದೆ, ಮಸಿಗೆರೆಗೆ ಸರಿಯಾಗಿ ಇಳಿಸಿ ಅಳೆದೆ. ಗುಟ್ಟು ಬಿಚ್ಚಿದಾಗ ಔಷಧಿ ಬಿದ್ದ ಪಾದಗಳ ಊತ ಮೂರರಲ್ಲಿ ಒಂದು ಪಾಲು ಕಮ್ಮಿ ಇತ್ತು. ಉಪನ್ಯಾಸಕರು ಖುಷಿಯಿಂದ ನನ್ನ ಭುಜ ತಟ್ಟಿದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನುವ ಮಾತನ್ನು ಅದಕ್ಕೆ ಮುಂಚೆ ನೂರು ಸಲ ಆಡಿದ್ದೆ. ಅದರ ಅರ್ಥ ಆವತ್ತು ತಿಳಿಯಿತು. ಮನೆಗೆ ಹೋಗಿ ಗೋಡೆಯ ಚೌಕಟ್ಟನ್ನು ಇಳಿಸಿದೆ. "ಯಾಕೆ, ಗೆದ್ದಲು ಹಿಡಿದಿದೆಯಾ?" ಅಂದಳು ಹೆಂಡತಿ. ಹೂಂ ಅಂದೆ.

ಹೋಗಿ ಹೇಳಲು ಎಂಟು ತಿಂಗಳು ಬೇಕಾಯಿತು ನನಗೆ. ಎರಡು ಸಲ ಆ ಬೀದಿಯ ತನಕ ಹೋಗಿ ತಿರುಗಿ ಬಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಹೋದದ್ದು ಕೂದಲೆಳೆಗೆ. ಮೂರನೆಯ ಸಲ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಎರಡು ಕೋಣೆಯ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವಳು ತಂಗಿ. ಒಳಗಿನ ಅಗುಳಿಗೆ ಬಟ್ಟೆಯ ಕುಣಿಕೆ ಕಟ್ಟಿತ್ತು. ಅದಕ್ಕೆ ಮಣಿಕಟ್ಟು ತೂರಿಸಿ ಎಳೆದು ತೆರೆದಿದ್ದಳು.

"ಓಹೋ, ಇಲಿ ಅಣ್ಣ! ಏನು, ದಾರಿ ತಪ್ಪಿ ಬಂದ್ರಾ? ಅಕ್ಕಾ, ನಿನ್ನ ತಕ್ಕಡಿ ಬಂದಿದೆ ನೋಡು!"

ಕೊಕ್ಕರೆ ಕಿಟಕಿಯ ಬಳಿ ಒಂಟಿ ಕಾಲಲ್ಲಿ ನಿಂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಕೂದಲು ನರೆತಿತ್ತು. ನಾನು ಕೂರಲಿಲ್ಲ. ನಿಂತೇ, ಅಭ್ಯಾಸ ಮಾಡಿಕೊಂಡು ಹೋದ ಮಾತುಗಳನ್ನೆಲ್ಲ ಮರೆತು, ಕುಂಟದ ಇಲಿ, ಕೆಳಗಿಳಿಸಿದ ಪಾದ, ಹಸಿರು ಪರದೆ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿ ಮುಗಿಸಿದೆ. "ಬೈಯ್ರಿ ಮೇಡಂ" ಅಂದೆ ಕೊನೆಗೆ. ಬೈದುಬಿಟ್ಟರೆ ಹಗುರವಾಗಬಹುದೆಂಬ ಆಸೆ.

ಆಕೆ ಬೈಯಲಿಲ್ಲ. ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಆಕೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಒಂದು ಖಾಲಿ ಹಾಳೆ ತೆಗೆದುಕೊಂಡು ಕೇಳಿದರು:

"ಯಾವ ವಾರದಿಂದ?"

"ಎರಡನೇ ವಾರ."

"ಮೊದಲ್ನೇ ವಾರ ಇಲ್ವಾ? ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಇಲ್ಲ ಮೇಡಂ. ಆಗ ನಾನು ಗಮನಿಸಿರ್ಲಿಲ್ಲ."

ಮಂಚದ ಕೆಳಗಿನ ಪೆಟ್ಟಿಗೆಯಿಂದ ಆ ಹಳೆಯ ಹಾಳೆಗಳು ಹೊರಬಂದವು. ಮೊದಲ ವಾರದ ಹನ್ನೆರಡು ಇಲಿಗಳ ಮೇಲೆ ಬೆರಳಾಡಿಸಿದರು. ಮಾರ್ಫೀನು ಬಿದ್ದ ನೀಲಿ ದಾರದವು ಕಮ್ಮಿ, ಆರಕ್ಕೆ ಆರೂ. "ಇಲ್ಲೇ ಇತ್ತು ಅಣ್ಣ. ವಾರ ವಾರ ಬಿಡಿಸಿ ನೋಡ್ದೆ ಎಲ್ಲಾ ಒಟ್ಟಿಗೆ ಕೂಡಿಬಿಟ್ಟೆ. ಇದು ನನ್ನ ತಪ್ಪು" ಎಂದು ಹಾಳೆಯ ಮೇಲೆ ಬರೆದುಕೊಂಡರು. ಆಮೇಲೆ ಅಂದರು: "ಇನ್ನು ನಿಮ್ದು. ಎಷ್ಟು ಕೆಳಗೆ?"

"ಕೂದಲೆಳೆಯಷ್ಟು."

"ಯಾರ ಕೂದಲು? ಬೆರಳು ಕೊಡಿ."

ನನ್ನ ತೋರುಬೆರಳಿನ ಮೊದಲ ಗಿಣ್ಣಿನ ಮೇಲೆ ಪೆನ್ನಿನಿಂದ ಸುತ್ತ ಒಂದು ಗೆರೆ ಎಳೆದರು. ಬಾಯಿ ಕಿರಿದಾದ ಉದ್ದನೆಯ ಗಾಜಿನ ಲೋಟವೊಂದನ್ನು ತಟ್ಟೆಯಲ್ಲಿಟ್ಟು ಕಂಠದ ತನಕ ನೀರು ತುಂಬಿಸಿ, "ಮೊದ್ಲು ಗೆರೆಗೆ ಸರಿಯಾಗಿ" ಅಂದರು. ಇಳಿಸಿದೆ. ತಟ್ಟೆಗೆ ಚೆಲ್ಲಿದ ನೀರನ್ನು ಔಷಧಿ ಅಳೆಯುವ ಪಿಚಕಾರಿಗೆ ಎಳೆದು ಓದಿದರು. ಮತ್ತೆ ತುಂಬಿಸಿದರು. "ಈಗ ಆವತ್ತು ಇಳಿಸಿದ ಹಾಗೆ." ಇಳಿಸಿದೆ. ಮತ್ತೆ ಓದಿದರು. ಹೀಗೆ ಇಪ್ಪತ್ತು ಸಲ. ಸಾವಿರಾರು ಇಲಿ ಹಿಡಿದಾಗಲೂ ಅದುರದ ಕೈ ಆ ಲೋಟದ ಮುಂದೆ ಗಡಗಡ ನಡುಗಿತು. "ನಡುಗಿದ್ದು ಲೆಕ್ಕಕ್ಕಿಲ್ಲ, ಮತ್ತೆ" ಅನ್ನುತ್ತಿದ್ದರು ಆಕೆ, ವಿದ್ಯಾರ್ಥಿಗೆ ಹೇಳುವಷ್ಟೇ ಶಾಂತವಾಗಿ. ಗೋಡೆಗೊರಗಿ ತಂಗಿ ನೋಡುತ್ತಿದ್ದಳು.

"ಅಣ್ಣನ ಕೈ ಅಂದ್ರೆ ಕೈ ಅಂತ ಅಕ್ಕ ಯಾವಾಗ್ಲೂ ಹೇಳೋಳು" ಅಂದಳು. ಬಂದು ತನ್ನ ಎರಡೂ ಕೈಗಳನ್ನು ಲೋಟದ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು. ಬೆರಳುಗಳೆಲ್ಲ ಗಾಳಿಗೆ ಬಾಗಿದ ಪೈರಿನಂತೆ ಒಂದೇ ಕಡೆಗೆ ವಾಲಿದ್ದವು. "ಇವನ್ನೂ ಒಂಚೂರು ಅಳೆದ್ಬಿಡಿ."

"ಸುಮ್ನಿರೇ" ಅಂದರು ಅಕ್ಕ. "ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡ. ಇಲಿ ಪಾದದಿಂದ ಮನುಷ್ಯರ ಬೆರಳಿಗೆ ಬರೋಕೆ ಇಪ್ಪತ್ತು ವರ್ಷದ ದಾರಿ. ತಲುಪ್ತಿತ್ತು ಅಂತ ಯಾರೂ ಹೇಳಕ್ಕಾಗಲ್ಲ."

"ಹೊರಟಿದ್ರೆ ತಾನೇ ಗೊತ್ತಾಗೋದು?" ಅಂದಳು ತಂಗಿ.

ಅಕ್ಕ ಲೋಟಕ್ಕೆ ಮತ್ತೆ ನೀರು ತುಂಬಿಸಿದರು.

ಅದೇ ಮಧ್ಯಾಹ್ನ ಪತ್ರಿಕೆಗೆ ಕಾಗದ ಸಿದ್ಧವಾಯಿತು. ಆರೇಳು ವರ್ಷದ ಹಿಂದಿನ ತನ್ನ ಬರಹವನ್ನು ಯಾರೂ ನಂಬಬಾರದು. ಅಳೆಯುವವರಿಂದ ಇಲಿಯ ನಡಿಗೆಯನ್ನು ಮರೆಮಾಡದ್ದು ಮತ್ತು ವಾರಗಳನ್ನು ಬಿಡಿಸಿ ನೋಡದ್ದು ತನ್ನ ತಪ್ಪು. ಎರಡನೆಯ ವಾರದಿಂದ ಗೆರೆ ದಾಟಿಸಿದ್ದು ಅಳೆದವರ ತಪ್ಪು. ಅದರ ಅಂದಾಜು ಪ್ರಮಾಣ ಇಷ್ಟು. ಅಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ, "ಅಣ್ಣ, ಹೆಸರು ಹಾಕ್ಲಾ?" ಎಂದು ಕೇಳಿದರು. ಹೊಗಳಿಕೆಗೆ ಹೆಸರು ಕೊಟ್ಟವನು ತಪ್ಪಿಗೂ ಕೊಡಬೇಕಿತ್ತು. ನಾನು ನೆಲದ ಮೇಲಿನ ಒಂದು ಬಿರುಕನ್ನು ನೋಡುತ್ತ ನಿಂತೆ. ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಪರೀಕ್ಷಿಸುತ್ತಿದ್ದರು. ಆ ಸದ್ದು ನಿಲ್ಲುವ ತನಕ ಆಕೆ ಕಾದರು. ಆಮೇಲೆ, 'ಅಳೆದವರು' ಎಂದಷ್ಟೇ ಬರೆದು ಸಹಿ ಮಾಡಿದರು. ಇಷ್ಟು ವರ್ಷದ ಮೇಲೆ ಇದನ್ನು ಬರೆಯುತ್ತಿರುವುದು ಆ ಮೌನಕ್ಕಾಗಿ. ಈ ಬರಹಕ್ಕೆ ಸಹಿ ನನ್ನದೇ.

ಕಾಗದ ಪತ್ರಿಕೆಯ ಮೂಲೆಯಲ್ಲಿ ಏಳು ಸಾಲಾಗಿ ಅಚ್ಚಾಯಿತು. ಅದರಿಂದ ಆಕೆಗೆ ಬಂದದ್ದು ಒಂದು ಕೆಟ್ಟ ಹೆಸರು. ಅಳತೆ ಸರಿಯಿಲ್ಲದ ಪ್ರಯೋಗ ಮಾಡಿದವಳಂತೆ ಎಂದು ನರ್ಸಿಂಗ್ ಶಾಲೆಯಲ್ಲೂ ಆಡಿಕೊಂಡರು. ಹಳೆಯ ಕೋಣೆ ಮರಳಿ ಸಿಗಲಿಲ್ಲ. ಆ ಔಷಧಿಯ ಮೇಲೆ ಈಗಲೂ ಅಲ್ಲಿ ಇಲ್ಲಿ ಕೆಲಸ ನಡೆಯುತ್ತಿದೆಯೆಂದು ಕೇಳಿದ್ದೇನೆ, ನೋಡಿಲ್ಲ.

ಕ್ಷಮಿಸಿದೆ ಅನ್ನುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. "ಹೋಗ್ಲಿ ಬಿಡಿ" ಎಂಬ ಒಂದು ಮಾತಿನಿಂದ ತಪ್ಪನ್ನು ಬಿದ್ದಲ್ಲೇ ಬಿಟ್ಟು ಕಾಫಿ ಕೊಟ್ಟು ಕಳಿಸುತ್ತಾರೆ. ನಾವೂ ಬಾಯಿ ಒರೆಸಿಕೊಂಡು ಹಗುರವಾಗಿ ಮೆಟ್ಟಿಲಿಳಿಯುತ್ತೇವೆ. ಕೊಕ್ಕರೆಯಂಥ ಇನ್ನೊಂದು ಬಗೆಯವರು ಅಪರೂಪ. ಇವರು ಬೈಯುವುದಿಲ್ಲ, ಕ್ಷಮಿಸುವುದೂ ಇಲ್ಲ. ಬಿದ್ದ ತಪ್ಪನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಅದರ ಗಾತ್ರ ಕಂಡುಹಿಡಿದು, ತಮ್ಮ ಪಾಲನ್ನು ಮೊದಲು ತೆಗೆದಿಟ್ಟುಕೊಂಡು, ಉಳಿದದ್ದನ್ನು ನಮ್ಮ ಕೈಗೆ ಕೊಡುತ್ತಾರೆ. ನಾವು ಹೆದರಿದ್ದಕ್ಕಿಂತ ಅದು ದೊಡ್ಡದೂ ಅಲ್ಲ, ಬೇಡಿಕೊಂಡದ್ದಕ್ಕಿಂತ ಚಿಕ್ಕದೂ ಅಲ್ಲ. ಅವರನ್ನು ಕಲ್ಲೆದೆಯವರೆಂದು ಲೋಕ ತಿಳಿಯುತ್ತದೆ, ನಾನೂ ಒಂದು ದಿನದ ಮಟ್ಟಿಗೆ ತಿಳಿದಿದ್ದೆ. ಆದರೆ ಕ್ಷಮಿಸಿದವರ ಮನೆಗೆ ನಾನು ಮತ್ತೆ ತಲೆಯೆತ್ತಿ ಹೋಗಿದ್ದೇನೆ, ಎರಡನೆಯ ಸಲ ಅದೇ ತಪ್ಪು ಮಾಡಿಯೂ ಇದ್ದೇನೆ. ಸರಿಯಾಗಿ ತೂಗಿ ಕೊಟ್ಟ ತಪ್ಪನ್ನು ಮಾತ್ರ ಎಲ್ಲಿಯೂ ಇಳಿಸಲಾಗುವುದಿಲ್ಲ, ಯಾಕೆಂದರೆ ಅದು ಎಷ್ಟಿದೆಯೆಂದು ಹೊತ್ತವನಿಗೆ ಗೊತ್ತಿರುತ್ತದೆ.